ಅಟ್ಟದ ಕೋವಿಗೆ ಯಾವ ತೋಟಾ?

ಕೈಲ್‌ಪೊಳ್ದ್ ಬಂತೆಂದರೆ ಕೊಡಗಿನಲ್ಲಿ ಕೋವಿಗೆ ಹೂವು, ಪೂಜೆ. ಅಟ್ಟದಿಂದ ಇಳಿಯೋ ಕೋವಿಗಳಲ್ಲಿ ಅಜ್ಜನ ಕಾಲದ್ದೂ ಇರ್ತವೆ. ಉಕ್ಕಿನ ಮೇಲಿನ ಅಕ್ಷರ ತುಕ್ಕಿಗೆ ಆಹುತಿ. ಇದಕ್ಕೆ ಯಾವ ತೋಟಾ? ಮೈಕಟ್ಟು ನೋಡಿ ಹೇಳಿದರೆ ಕೆಟ್ಟಿತು.

ಲೀ-ಎನ್‌ಫೀಲ್ಡ್ ಕಂಡರೆ ಸಾಕು, 'ತ್ರೀನಾಟ್‌ತ್ರೀ' ಅಂತಾರೆ. ಆದರೆ ಬ್ರಿಟಿಷರ ಕಾಲದಲ್ಲಿ ಪೊಲೀಸರಿಗೆಂದು ಅದೇ ಕೋವಿಯನ್ನು .410 ಮಸ್ಕೆಟ್ ಮಾಡಿದ್ದೂ ಉಂಟು. ಹೊರಗೆ ಒಂದೇ ವೇಷ, ಒಳಗೆ ಬೇರೆ ಹೊಟ್ಟೆ!

ನಳಿಗೆಯ ಬಾಯಿ ಅಳೆದರೂ ಸಾಲದು. ಒಂದೇ ಅಳತೆಗೆ ಹಲವು ತೋಟಾ ಉಂಟು. ನಳಿಗೆಯಲ್ಲಿ ಸೀಸದ ಗುಂಡು ತೂರಿಸಿ ಅಳೀಬೇಕು. ತೋಟಾ ಕೂರುವ ಕೋಣೆಗೆ ಕಡಿಮೆ ಶಾಖಕ್ಕೆ ಕರಗೋ ಲೋಹ ಹೊಯ್ದು ಅಚ್ಚು ತೆಗೀಬೇಕು. ಅದು ಬಲ್ಲ ಕಸಬುದಾರನ ಕೆಲಸ. 'ಹಾಕಿ ನೋಡೋಣ' ಅಂದರೆ ನಳಿಗೆಯ ಜತೆ ಕೈಯೂ ಹೋದೀತು.

ಇನ್ನು ಕಾನೂನು. ಕೊಡವರಿಗೆ 2029ರವರೆಗೆ ವಿನಾಯಿತಿ ಇರೋದು ಲೈಸೆನ್ಸಿನ ಮಾತು. ಗುರುತಿನ ಮಾತು ಬೇರೆ. 1959ರ ಆಯುಧ ಕಾಯ್ದೆಯ 8ನೇ ಕಲಮಿನಂತೆ ಗುರುತಿಲ್ಲದ ಕೋವಿ ಮಾರುವಂತಿಲ್ಲ. ಗುರುತು ಅಳಿಸಿದ್ದು ಇಟ್ಟುಕೊಂಡವನೇ ಅಂತ ಮೊದಲೇ ಊಹೆ. ಅಲ್ಲವೆಂದು ಸಾಬೀತು ಮಾಡೋ ಹೊಣೆಯೂ ಅವನದೇ. ತಪ್ಪು ತುಕ್ಕಿನದು, ಕೋರ್ಟಿಗೆ ಅಲೆಯೋದು ಮೊಮ್ಮಗ!

ಹಬ್ಬಕ್ಕೆ ಮೊದಲೇ ಅಜ್ಜನ ಹಳೇ ಕಾಗದಪತ್ರ ಹುಡುಕಿಡೋದು ಒಳ್ಳೇದು.