ಗಾಳಿಗೆ ಬಿಡುವ ಗ್ಯಾಸು

ಬೇಸಿಗೆಯಲ್ಲಿ ಕಪ್ಪತಗುಡ್ಡದ ಆಸುಪಾಸಿನ ಮುಂಡರಗಿ, ಶಿರಹಟ್ಟಿ ದಾರಿಗಳಲ್ಲಿ ಓಡುವ ಕಾರಿನ ಎ.ಸಿ. ತಂಪು ಕೊಡದಾದರೆ ‘ಕಂಪ್ರೆಸರ್ ಹೋಗಿದೆ’ ಎಂಬ ಮಾತು ಕೂಡಲೇ ಹೊರಡುತ್ತದೆ. ಇದು ಅವಸರದ ತೀರ್ಪು. ಗ್ಯಾಸ್ ಸೋರಿ ಒತ್ತಡ ಕುಸಿದಾಗ ಪ್ರೆಶರ್ ಸ್ವಿಚ್ ಕಂಪ್ರೆಸರಿನ ಕ್ಲಚ್ಚಿಗೆ ವಿದ್ಯುತ್ತನ್ನು ತಡೆಯುತ್ತದೆ. ಎಣ್ಣೆಯು ಗ್ಯಾಸಿನೊಡನೆಯೇ ಹರಿಯುವುದರಿಂದ ಈ ಏರ್ಪಾಡು ಯಂತ್ರದ ರಕ್ಷಣೆಗಾಗಿಯೇ ಇದೆ. ಫ್ಯೂಸ್, ರಿಲೇ, ಒತ್ತಡ ಇವನ್ನು ನೋಡದೆ ಕಂಪ್ರೆಸರನ್ನು ಕಳಚುವುದು ಸಲ್ಲದು. ಕೊಳವೆಗಳ ಕೀಲುಗಳಲ್ಲಿ ಎಣ್ಣೆಜಿಡ್ಡಿಗೆ ಧೂಳು ಮೆತ್ತಿದ್ದರೆ ಸೋರಿಕೆಯನ್ನು ಮೊದಲು ಅಲ್ಲಿಯೇ ಹುಡುಕಬೇಕು. ಎಷ್ಟೋ ಸಲ ಒಂದು ರಬ್ಬರ್ ಉಂಗುರ ಬದಲಿಸಿದರೆ ಸಾಕು. ಕಂಪ್ರೆಸರ್ ನಿಜವಾಗಿ ಬಿಗಿದು ನಿಂತಿದ್ದರೆ, ಒಳಗಿನ ಲೋಹದ ಪುಡಿಯನ್ನು ತೊಳೆದು ತೆಗೆಯದೆ ಹೊಸದನ್ನು ಕೂಡಿಸುವುದು ಹಣ ಸುಟ್ಟಂತೆ.

ಇದರಲ್ಲಿ ಪರಿಸರದ ಮಾತೆಲ್ಲಿ ಬಂತು ಎನ್ನುವವರುಂಟು. ಹಳೆಯ ಆರ್-12 ಓಝೋನ್ ಪದರವನ್ನು ಸವೆಸುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದ ಅದಕ್ಕೆ ಕಡಿವಾಣ ಹಾಕಿತು. ಬದಲಿಗೆ ಬಂದ ಆರ್-134ಎ ಓಝೋನನ್ನು ಕೆಡಿಸದು. ಆದರೆ ನೂರು ವರ್ಷಗಳ ಲೆಕ್ಕದಲ್ಲಿ ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,430 ಪಟ್ಟು ಪ್ರಬಲ. ಅರ್ಧ ಕಿಲೋ ಬಿಟ್ಟರೆ ಸುಮಾರು 715 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ. ಸೋರಿಕೆ ಮುಚ್ಚದೆ ವರ್ಷವರ್ಷವೂ ಗ್ಯಾಸ್ ತುಂಬಿಸುವವರು ಮಾಡುತ್ತಿರುವುದು ಇದನ್ನೇ.

ಗ್ಯಾಸನ್ನು ಮರಳಿ ಹಿಡಿಯುವ ಯಂತ್ರ ಒಬ್ಬೊಬ್ಬರಿಗೆ ದುಬಾರಿಯಾದರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರದ ಗ್ಯಾರೇಜಿನವರು ಕೂಡಿ ಒಂದನ್ನು ಕೊಳ್ಳಬಹುದು. ಗಾಡಿಯವರೂ ಬೆಲೆ ಕೇಳುವ ಮೊದಲು ಸೋರಿಕೆ ಎಲ್ಲಿದೆಯೆಂದು ಕೇಳಲಿ.