ಹಿಡಿಯಿಂದ ರಾಶಿಯನ್ನು ಅರಿಯುವ ಶಾಸ್ತ್ರ

ಬ್ಯಾಡಗಿಯ ಪೇಟೆಯಲ್ಲಿ ಖರೀದಿದಾರನು ಚೀಲದಿಂದ ಒಂದು ಹಿಡಿ ಮೆಣಸಿನಕಾಯಿಯನ್ನು ತೆಗೆದು ನೋಡಿ ಧಾರಣೆಯನ್ನು ನಿಶ್ಚಯಿಸುತ್ತಾನೆ. ಒಕ್ಕಲಿಗನ ವರ್ಷದ ದುಡಿಮೆಯ ಬೆಲೆ ಆ ಹಿಡಿಯನ್ನು ಅವಲಂಬಿಸಿರುತ್ತದೆ. ಸ್ವಲ್ಪವನ್ನು ನೋಡಿ ಎಲ್ಲವನ್ನೂ ಅರಿಯುವುದು ಸಾಧ್ಯವೆ? ಸಾಧ್ಯವಾದರೆ ಯಾವ ನಿಯಮದಿಂದ? ಇದಕ್ಕೆ ಉತ್ತರವೀಯುವುದೇ ಸಂಖ್ಯಾಶಾಸ್ತ್ರ.

ಈ ಶಾಸ್ತ್ರದ ಮಹಾವಿದ್ವಾಂಸರೊಬ್ಬರು ನಮ್ಮ ನೆರೆಯಲ್ಲಿಯೇ ಜನಿಸಿದರೆಂಬುದನ್ನು ಹೊಸರಿತ್ತಿ, ಹಾವೇರಿ, ರಾಣೆಬೆನ್ನೂರು ಭಾಗದ ಅನೇಕರು ಅರಿಯರು. ತುಂಗಭದ್ರೆಯನ್ನು ದಾಟಿ ಮೈಲಾರದ ಜಾತ್ರೆಗೆ ಹೋಗುವ ನಮ್ಮ ಜನರಿಗೆ ಹೂವಿನಹಡಗಲಿ ಪರಿಚಿತವಾದ ಊರು. ಅಲ್ಲಿ 1920ರ ಸೆಪ್ಟೆಂಬರ್ 10ರಂದು ತೆಲುಗು ಮನೆಮಾತಿನ ಕುಟುಂಬದಲ್ಲಿ ಸಿ. ಆರ್. ರಾವ್ ಜನಿಸಿದರು. 1941ರಲ್ಲಿ ಕಲಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸೇರಿ, ಅದರ ಸ್ಥಾಪಕರಾದ ಪ್ರಶಾಂತಚಂದ್ರ ಮಹಾಲನೋಬಿಸರ ಮಾರ್ಗದರ್ಶನದಲ್ಲಿ ಬೆಳೆದರು.

ಎರಡು ಗುಂಪುಗಳು ಪರಸ್ಪರ ಎಷ್ಟು ದೂರ ಎಂಬುದನ್ನು ಅಳೆಯುವ ಸೂತ್ರವೊಂದನ್ನು ಮಹಾಲನೋಬಿಸರು 1936ರಲ್ಲಿ ಪ್ರಕಟಿಸಿದ್ದರು. ಉತ್ತರ ಭಾರತದ ಸಂಯುಕ್ತ ಪ್ರಾಂತದಲ್ಲಿ 1941ರಲ್ಲಿ ವಿವಿಧ ಸಮುದಾಯಗಳ ಜನರ ದೇಹಮಾನಗಳನ್ನು ಅಳೆಯಲಾಯಿತು. ಆ ಅಳತೆಗಳನ್ನು ಇದೇ ಸೂತ್ರದಿಂದ ಪರಿಶೀಲಿಸಿ ಮಹಾಲನೋಬಿಸ್, ಮಜುಮ್‌ದಾರ್ ಮತ್ತು ರಾವ್ 1949ರಲ್ಲಿ ಪ್ರಕಟಿಸಿದರು. ಇದಕ್ಕೂ ಮುನ್ನ, 1946ರಲ್ಲಿ ರಾವ್ ಕೇಂಬ್ರಿಜ್‌ಗೆ ತೆರಳಿ, ಸುಡಾನಿನ ಪ್ರಾಚೀನ ಸಮಾಧಿಗಳಲ್ಲಿ ದೊರೆತ ಅಸ್ಥಿಗಳ ಅಳತೆಗಳ ಮೇಲೆ ಕಾರ್ಯಮಾಡಿದ್ದರು.

ಈ ಸೂತ್ರದ ಸಾರ ಸರಳವಾದುದು. ಒಂದೇ ಗುಣವನ್ನು ನೋಡಿ ತೀರ್ಪು ಕೊಡಲಾಗದು. ಬ್ಯಾಡಗಿಯ ಡಬ್ಬಿ ಕಾಯಿ ಗಿಡ್ಡ, ಗುಂಡು; ಕಡ್ಡಿ ಕಾಯಿ ನೀಳ, ಸುಕ್ಕು. ಬಣ್ಣವೊಂದನ್ನೇ ನೋಡಿದವನಿಗೆ ಎರಡೂ ಒಂದೇ. ಆದುದರಿಂದ ಅನೇಕ ಗುಣಗಳನ್ನು ಕೂಡಿಸಿ ನೋಡಬೇಕು. ಆದರೆ ಉದ್ದವಾದ ಕಾಯಿ ಸಾಮಾನ್ಯವಾಗಿ ತೂಕದಲ್ಲಿಯೂ ಹೆಚ್ಚು. ಅವೆರಡನ್ನೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಹಿಡಿದರೆ ಒಂದೇ ಸಂಗತಿಯನ್ನು ಎರಡು ಸಲ ಎಣಿಸಿದಂತಾಗುವುದು. ಈ ದೋಷವನ್ನು ಕಳೆದು ದೂರವನ್ನು ಅಳೆಯುವುದೇ ಸೂತ್ರದ ಹಿರಿಮೆ. ಸಮೀಪದವುಗಳನ್ನು ಒಂದು ಗುಂಪಿಗೆ ಸೇರಿಸುವ ಟೋಚರ್ ವಿಧಾನವನ್ನು ರಾವ್ ತಮ್ಮ 1952ರ ಗ್ರಂಥದಲ್ಲಿ ವಿವರಿಸಿದರು. ಮೆಣಸಿನಕಾಯಿಯೇ ಮೊದಲಾದ ಬೆಳೆಗಳ ತಳಿಶಾಸ್ತ್ರಜ್ಞರು ಇಂದಿಗೂ ಇದನ್ನು ಬಳಸುತ್ತಾರೆ. ದೂರದ ಗುಂಪುಗಳ ಸಸ್ಯಗಳನ್ನು ಸಂಕರಗೊಳಿಸಿದರೆ ಸತ್ತ್ವಶಾಲಿ ಸಂತತಿ ದೊರೆಯುವ ಸಂಭವ ಹೆಚ್ಚೆಂಬುದು ಅವರ ನಂಬಿಕೆ.

ಜನರ ಸಮೀಕ್ಷೆಯಲ್ಲಿಯೂ ಇಂಥದೇ ಎಚ್ಚರ ಬೇಕು. ಮೈಲಾರದ ಯಾತ್ರಿಕರ ಅನುಕೂಲ ಅನಾನುಕೂಲಗಳನ್ನು ತಿಳಿಯಹೊರಟವರು ಬಸ್ ನಿಲ್ದಾಣದಲ್ಲಿ ಮಾತ್ರ ವಿಚಾರಿಸಿದರೆ, ಚಕ್ಕಡಿಯಲ್ಲಿ ಬಂದವರು, ನಡೆದು ಬಂದವರು ಲೆಕ್ಕದಿಂದ ಹೊರಗುಳಿಯುವರು. ಅವರಿಗೆ ಬೇಕಾದ ನೀರು, ನೆರಳುಗಳ ವಿಚಾರವೂ ಹೊರಗುಳಿಯುವುದು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಪ್ರವಾಸಿಗರನ್ನು ಭಾನುವಾರವಷ್ಟೇ ಎಣಿಸಿ ವರ್ಷದ ಲೆಕ್ಕ ಹಾಕುವುದೂ ಅಷ್ಟೇ ತಪ್ಪು. ಎಲ್ಲ ದಾರಿಗಳಿಗೂ, ಎಲ್ಲ ದಿನಗಳಿಗೂ ಆಯ್ಕೆಯಾಗುವ ಅವಕಾಶವಿರಬೇಕು. ಈ ತತ್ತ್ವವನ್ನನುಸರಿಸಿಯೇ ಮಹಾಲನೋಬಿಸರ ಪ್ರಯತ್ನದಿಂದ 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು.

ರಾವ್ ಅವರಿಗೆ 2001ರಲ್ಲಿ ಪದ್ಮವಿಭೂಷಣವೂ, 1945ರ ಲೇಖನವೊಂದಕ್ಕಾಗಿ 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿಯೂ ಸಂದವು. ಅದೇ ವರ್ಷ ಆಗಸ್ಟ್ 22ರಂದು, 102ನೆಯ ವಯಸ್ಸಿನಲ್ಲಿ, ಅವರು ದಿವಂಗತರಾದರು.

ಇದರಿಂದ ನಮ್ಮ ಮನೆತನಗಳು ಗ್ರಹಿಸಬೇಕಾದುದು ಎರಡು ಮಾತು. ಮಾಲು ತೋರಿಸುವಾಗ ಚೀಲದ ಮೇಲೊಂದು, ಒಳಗೊಂದು ಇರಬಾರದು. ಕೊಳ್ಳುವವನೂ ಮೇಲು, ನಡು, ತಳಗಳೆಲ್ಲವುಗಳಿಂದ ತೆಗೆದು ನೋಡಲಿ. ಸಮೀಕ್ಷೆಯವರು ಮನೆಗೆ ಬಂದಾಗ ಇರುವುದನ್ನು ಇದ್ದಂತೆ ಹೇಳಬೇಕು. ಆಯ್ಕೆಯಾದ ಒಂದು ಮನೆ ನೂರಾರು ಮನೆಗಳ ಪರವಾಗಿ ಮಾತನಾಡುತ್ತಿರುತ್ತದೆ. ಅಲ್ಲಿ ಆಡಿದ ಸುಳ್ಳಿನ ಹಾನಿ ನೆರೆಹೊರೆಯವರಿಗೂ ತಟ್ಟುವುದು.