ಆಷಾಢದ ಖಾಲಿ ಮಂಟಪದಲ್ಲಿ ಸ್ನೂಕರ್ ಆಗಲಿ

ಆಷಾಢ ಬಂತೆಂದರೆ ರಾಣೆಬೆನ್ನೂರಿನ ಕಲ್ಯಾಣಮಂಟಪಗಳಲ್ಲಿ ಕುರ್ಚಿಯ ಮೇಲೆ ಕುರ್ಚಿ ಪೇರಿಸಿ ಬಾಗಿಲು ಎಳೆದಿರುತ್ತಾರೆ. ಅಂಥ ಒಂದು ಹಾಲಿನಲ್ಲಿ ರಾಜ್ಯ ಮಟ್ಟದ ಸ್ನೂಕರ್ ಪಂದ್ಯಾವಳಿ ನಡೆಯಲಿ ಎಂಬುದು ನನ್ನ ವಾದ. ಇದನ್ನು ಬಾಯಿಬಿಟ್ಟು ಹೇಳಿದರೆ ಮೆಣಸಿನಕಾಯಿ ವ್ಯಾಪಾರದ ಗೆಳೆಯರು ಮೊದಲು ಕೇಳುವುದು ಒಂದೇ: 'ಅಲ್ರೀ, ಅದು ರೊಕ್ಕ ಹಚ್ಚಿ ಆಡೋ ಆಟ ಅಲ್ಲೇನ್ರೀ?'

ಈ ಅನುಮಾನ ಎಲ್ಲಿಂದ ಬಂತೆಂದು ನನಗೆ ಗೊತ್ತು. ಕಾಲೇಜು ದಿನಗಳಲ್ಲಿ ನಾನು ಕ್ಯೂ ಹಿಡಿದದ್ದು ಅಂಗಡಿ ಸಾಲಿನ ಕೆಳಗಿನ ಒಂದು ನೆಲಮಾಳಿಗೆಯಲ್ಲಿ. ಬಾಗಿಲಿಗೆ ಪರದೆ, ಒಳಗೆ ಸಿಗರೇಟಿನ ಹೊಗೆ, ಸೋತವನೇ ಟೇಬಲ್ ಬಾಡಿಗೆ ಕೊಡಬೇಕೆಂಬ ರೂಢಿ. ಬಾಡಿಗೆಯಿಂದ ಶುರುವಾದದ್ದು ಚಹಾಕ್ಕೆ, ಚಹಾದಿಂದ ನೋಟಿಗೆ ಏರುವುದಕ್ಕೆ ಹೆಚ್ಚು ಹೊತ್ತು ಬೇಡ. ಬ್ಯಾಡಗಿಯಲ್ಲಿ ದಲಾಲಿ ಅಂಗಡಿ ಇಟ್ಟಿದ್ದ ನಮ್ಮಪ್ಪ ಆ ಮೆಟ್ಟಿಲು ಇಳಿಯದೆಯೇ ತೀರ್ಪು ಕೊಟ್ಟಿದ್ದರು. ಇಳಿದು ನೋಡಿದ್ದರೆ ಆಟದ ಲೆಕ್ಕ ಅವರಿಗೆ ಹಿಡಿಸುತ್ತಿತ್ತು. ಹದಿನೈದು ಕೆಂಪು ಬಾಲ್, ಒಂದೊಂದಕ್ಕೆ ಒಂದು ಅಂಕ. ಪ್ರತಿ ಕೆಂಪಿನ ಬೆನ್ನಿಗೆ ಏಳು ಅಂಕದ ಕಪ್ಪನ್ನೇ ಕೆಡವಿ, ಕೊನೆಗೆ ಆರೂ ಬಣ್ಣ ತೆಗೆದರೆ 147. ಬಾಲ್ ಗುಳಿಗೆ ಬಿದ್ದರಷ್ಟೇ ಸಾಲದು, ಬಿಳಿ ಬಾಲ್ ಎಲ್ಲಿ ಹೋಗಿ ನಿಂತಿತು ಎನ್ನುವುದರ ಮೇಲೆ ಮುಂದಿನದೆಲ್ಲ. ಹನ್ನೆರಡು ಅಡಿ ಉದ್ದದ ಮೇಜಿನ ಮೇಲೆ ಇಷ್ಟನ್ನು ಅದೃಷ್ಟ ನಂಬಿ ಮಾಡಲಿಕ್ಕಾಗದು.

ಇದು ಪರದೇಶದ ಸಾಹೇಬರ ಆಟ ಎನ್ನುವವರಿಗೂ ಒಂದು ಮಾತು. ಸಾಹೇಬರು ಹೌದು, ಆದರೆ ಹುಟ್ಟಿದ್ದು ಇಲ್ಲೇ: 1875ರಲ್ಲಿ ಜಬಲ್ಪುರದ ಸೈನಿಕ ಅಧಿಕಾರಿಗಳ ನಡುವೆ. ನಿಯಮಗಳು ಒಂದು ರೂಪಕ್ಕೆ ಬಂದದ್ದು 1882ರಲ್ಲಿ, ನಮ್ಮ ಗುಂಡ್ಲುಪೇಟೆ ದಾಟಿದರೆ ಸಿಗುವ ಊಟಿಯ ಕ್ಲಬ್ಬಿನಲ್ಲಿ. ಅಲ್ಲಿಂದ ಆಟ ಬ್ರಿಟನ್ನಿಗೆ ಹೋಯಿತು, ಆಮೇಲೆ ಚೀನಾಕ್ಕೆ. ರ್‍ಯಾಂಕಿಂಗ್ ಅಂಕ ಸಿಗುವ ವೃತ್ತಿಪರ ಪಂದ್ಯಾವಳಿಯೊಂದು ಭಾರತಕ್ಕೆ ಬರಲು 2013ರ ತನಕ ಕಾಯಬೇಕಾಯಿತು. ದೆಹಲಿಯ ಆ ಇಂಡಿಯನ್ ಓಪನ್‌ನಲ್ಲಿ ನಮ್ಮ ಆದಿತ್ಯ ಮೆಹ್ತಾ ಫೈನಲ್ ತಲುಪಿ ಚೀನಾದ ಡಿಂಗ್ ಜುನ್‌ಹುಯಿ ಎದುರು 0–5ರಿಂದ ಸೋತರು. ಮುಂದೆ 2015ರಲ್ಲಿ ಮುಂಬೈ, 2016ರಲ್ಲಿ ಹೈದರಾಬಾದ್, 2017ರಲ್ಲಿ ವಿಶಾಖಪಟ್ಟಣ. ಪಂಕಜ್ ಅಡ್ವಾಣಿಯನ್ನು ಬೆಳೆಸಿದ ಬೆಂಗಳೂರಿಗೆ ಮಾತ್ರ ಅದು ಬರಲೇ ಇಲ್ಲ.

ಅಡ್ವಾಣಿ ಅಣ್ಣನ ಆಟ ನೋಡುತ್ತ ಹತ್ತರ ವಯಸ್ಸಿನಲ್ಲಿ ಕ್ಯೂ ಹಿಡಿದವರು. ಅರವಿಂದ್ ಸಾವೂರ್ ಅವರ ಕೈಯಲ್ಲಿ ಪಳಗಿದರು. 2003ರಲ್ಲಿ ಚೀನಾದಲ್ಲಿ ಮೊದಲ ವಿಶ್ವ ಪ್ರಶಸ್ತಿ ಗೆದ್ದರು. 2012ರಲ್ಲಿ ವೃತ್ತಿಪರ ಸರ್ಕೀಟಿಗೆ ಇಳಿದು, ಎರಡೇ ಸೀಸನ್ ಆಡಿ 2014ರಲ್ಲಿ ಬಿಟ್ಟು ಬಂದರು. ಅಲ್ಲಿ ನಿಲ್ಲಬೇಕೆಂದರೆ ಬದುಕನ್ನೇ ಇಂಗ್ಲೆಂಡಿಗೆ ಸಾಗಿಸಬೇಕು. ಇಪ್ಪತ್ತೆಂಟು ವಿಶ್ವ ಪ್ರಶಸ್ತಿಗಳ ಆಟಗಾರನ ಪಾಡೇ ಇದಾದರೆ ರಾಣೆಬೆನ್ನೂರಿಗೆ ವೃತ್ತಿಪರ ಪಂದ್ಯಾವಳಿ ಕೇಳುವುದು ಹುಚ್ಚುತನ. ನಾನು ಕೇಳುತ್ತಿರುವುದು ಅದಲ್ಲ. ಬೆಂಗಳೂರಿನ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆ ವರ್ಷಕ್ಕೊಂದು ಪಂದ್ಯಾವಳಿಯನ್ನು ತಾಲ್ಲೂಕು ಕೇಂದ್ರಕ್ಕೆ ತರಲಿ, ಅಷ್ಟೇ.

ಇನ್ನು ಬಾಜಿಯ ಮಾತು. ಇದನ್ನು ತಪ್ಪಿಸಿ ಹೋಗುವುದು ಸರಿಯಲ್ಲ. 2014ರಲ್ಲಿ ಹವ್ಯಾಸಿಗಳ ವಿಶ್ವ ಚಾಂಪಿಯನ್‌ಷಿಪ್ ಬೆಂಗಳೂರಿನಲ್ಲೇ ನಡೆದು, ಯಾನ್ ಬಿಂಗ್‌ಟಾವೊ ಎಂಬ ಹದಿನಾಲ್ಕರ ಚೀನೀ ಹುಡುಗ ಪಾಕಿಸ್ತಾನದ ಮುಹಮ್ಮದ್ ಸಜ್ಜಾದ್‌ನನ್ನು 8–7ರಿಂದ ಸೋಲಿಸಿದ. ಅದೇ ಹುಡುಗ 2021ರಲ್ಲಿ ಮಾಸ್ಟರ್ಸ್ ಗೆದ್ದ. 2023ರಲ್ಲಿ ಪಂದ್ಯ ಫಿಕ್ಸ್ ಮಾಡಿದ ಹಗರಣದಲ್ಲಿ ಐದು ವರ್ಷ ನಿಷೇಧಕ್ಕೊಳಗಾದ. ಒಟ್ಟು ಹತ್ತು ಚೀನೀ ಆಟಗಾರರಿಗೆ ಶಿಕ್ಷೆಯಾಯಿತು, ಇಬ್ಬರಿಗಂತೂ ಜೀವನಪರ್ಯಂತ. ನನ್ನ ಗೆಳೆಯರು ಇದನ್ನೇ ಹಿಡಿದು 'ನೋಡ್ರಿ ಮತ್ತ' ಅನ್ನುತ್ತಾರೆ. ನಾನೂ ಅದನ್ನೇ ಹಿಡಿದು ಹೇಳುತ್ತೇನೆ: ಅವರು ಸಿಕ್ಕಿಬಿದ್ದದ್ದು ನಿಯಮ, ರೆಫರಿ, ವಿಚಾರಣೆ ಇರುವ ಕಡೆ ಆಡುತ್ತಿದ್ದುದರಿಂದ. ನೆಲಮಾಳಿಗೆಯಲ್ಲಿ ಯಾರನ್ನು ಯಾರು ಹಿಡಿಯುತ್ತಾರೆ?

ನನ್ನ ತಮ್ಮನ ಮಗಳು ಫೋನಿನಲ್ಲಿ ಪಂದ್ಯ ನೋಡುತ್ತ ಕೇಳಿದಳು, 'ದೊಡ್ಡಪ್ಪಾ, ನಮ್ಮೂರಾಗ ಇದನ್ನ ಎಲ್ಲಿ ಕಲಸ್ತಾರ?' ಪರದೆಯ ಹಿಂದಿನ ಕೋಣೆಗೆ ಅವಳನ್ನು ಕಳಿಸಲು ನಾನೇ ಒಪ್ಪುವುದಿಲ್ಲ. ಆದರೆ ಆರ್. ಉಮಾದೇವಿಯವರ ದಾರಿ ನೋಡಿ: ಸರ್ಕಾರಿ ನೌಕರಿಯಲ್ಲಿದ್ದ ಅವರು ಬೆಂಗಳೂರಿನ ಸಚಿವಾಲಯ ಕ್ಲಬ್ಬಿಗೆ ಹೋದದ್ದು ಟೇಬಲ್ ಟೆನಿಸ್ ಆಡಲಿಕ್ಕೆ. ಅಲ್ಲಿ ಕ್ಯೂ ಕೈಗೆ ಬಂತು, 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಚಾಂಪಿಯನ್ ಆದರು. ವಿದ್ಯಾ ಪಿಳ್ಳೈ 2017ರ ಮಹಿಳಾ ವಿಶ್ವ ಸ್ನೂಕರ್ ಫೈನಲ್‌ನಲ್ಲಿ ಸೋತದ್ದು ಒಂದೇ ಫ್ರೇಮಿನಿಂದ. ಹೆಣ್ಣುಮಕ್ಕಳು ಸಂಕೋಚವಿಲ್ಲದೆ ಹೆಜ್ಜೆ ಇಡಬಹುದಾದ ಜಾಗದಲ್ಲಿ ಟೇಬಲ್ ಇದ್ದರೆ ಅರ್ಧ ಕೆಲಸ ಆದಂತೆಯೇ.

ತೊಡಕುಗಳಿಲ್ಲವೆಂದಲ್ಲ. ಟೇಬಲಿನ ಬಟ್ಟೆಯ ಕೆಳಗಿರುವುದು ಸ್ಲೇಟ್ ಕಲ್ಲು, ತೂಕ ಒಂದು ಟನ್ ದಾಟುತ್ತದೆ. ಬಿಚ್ಚಿ ತಂದು, ಜೋಡಿಸಿ, ರಸಮಟ್ಟ ಇಟ್ಟು ಸಮ ಮಾಡುವ ಫಿಟ್ಟರ್‌ಗಳು ಬೇಕು. ಆಷಾಢದ ಜಿನುಗು ಮಳೆ ಇನ್ನೊಂದು ತಲೆನೋವು. ತೇವ ಕುಡಿದ ಬಟ್ಟೆಯ ಮೇಲೆ ಬಾಲ್ ನಿಧಾನವಾಗುತ್ತದೆ. ದೊಡ್ಡ ಪಂದ್ಯಗಳಲ್ಲಿ ಸ್ಲೇಟಿಗೆ ಕೆಳಗಿನಿಂದ ಶಾಖ ಕೊಡುವುದೇ ಇದಕ್ಕೆ. ತೇವ ಎಂದರೇನೆಂದು ಬ್ಯಾಡಗಿ ಮಾರುಕಟ್ಟೆಯವರಿಗೆ ಹೇಳಿಕೊಡಬೇಕಿಲ್ಲ, ಮೆಣಸಿನಕಾಯಿ ಚೀಲದ ಹಾಗೆ ಇದಕ್ಕೂ ಒಣ ಜಾಗ ಹುಡುಕಿದರಾಯಿತು.

ಖರ್ಚು? ನಮ್ಮೂರಿನ ಬೀಜದ ವ್ಯಾಪಾರಿಗಳು ಕುಸ್ತಿ, ಕಬಡ್ಡಿಗೆ ಕೈ ಬಿಚ್ಚುವವರು. ಮಂಟಪದ ಮಾಲೀಕರು ಆ ತಿಂಗಳ ಬಾಡಿಗೆ ಬಿಟ್ಟರೆ ಅವರಿಗೆ ಹೋಗುವುದೇನೂ ಇಲ್ಲ, ಹೇಗೂ ಅದು ಬರುವುದಿಲ್ಲ. ನನ್ನ ಷರತ್ತು ಎರಡು: ಹುಡುಗಿಯರ ವಿಭಾಗಕ್ಕೆ ಪ್ರವೇಶ ಶುಲ್ಕ ಇರಬಾರದು, ಮತ್ತು ಪಂದ್ಯ ಮುಗಿದ ಮೇಲೆ ಒಂದು ಟೇಬಲನ್ನು ಬೆಂಗಳೂರಿಗೆ ವಾಪಸ್ ಒಯ್ಯದೆ ತಾಲ್ಲೂಕಿನ ಯಾವುದಾದರೂ ಸಾರ್ವಜನಿಕ ಕಟ್ಟಡದಲ್ಲಿ, ಪರದೆ ಇಲ್ಲದ ಕೋಣೆಯಲ್ಲಿ, ಬಿಟ್ಟು ಹೋಗಬೇಕು. ಅದರ ಬಾಡಿಗೆಯನ್ನು ಗೆದ್ದವ, ಸೋತವ ಇಬ್ಬರೂ ಸಮ ಪಾಲು ಕೊಡಲಿ.